ಒಂದೇ ಬೆಂಚು, ನಾಲ್ಕು ದಾರಿ: ಹಾಸನ, ಚಿಕ್ಕಮಗಳೂರಿಗೆ ಕ್ರೈಸ್ತ ಮತ್ತು ಇಸ್ಲಾಂ ಧರ್ಮ ಬಂದ ಬಗೆ

ಸಕಲೇಶಪುರದಲ್ಲಿ ಹೈಸ್ಕೂಲು ಓದುವಾಗ ನಮ್ಮ ಬೆಂಚಿನಲ್ಲಿ ಐದು ಜನ ಕೂರುತ್ತಿದ್ದೆವು. ನನ್ನನ್ನು ಬಿಟ್ಟರೆ ಇಬ್ಬರು ಕ್ರೈಸ್ತರು, ಇಬ್ಬರು ಮುಸ್ಲಿಮರು. ಕ್ರೈಸ್ತ ಹುಡುಗರಿಬ್ಬರೂ ಮನೆಯಲ್ಲಿ ಕನ್ನಡವನ್ನೇ ಮಾತಾಡುತ್ತಿದ್ದರು. ಆದರೆ ಒಬ್ಬನ ಬೈಬಲ್ಲಿನಲ್ಲಿ ದೇವರ ಹೆಸರು ‘ಸರ್ವೇಶ್ವರ’, ಇನ್ನೊಬ್ಬನದರಲ್ಲಿ ‘ಯೆಹೋವ’. ಮುಸ್ಲಿಂ ಹುಡುಗರಲ್ಲಿ ಒಬ್ಬನ ಮನೆಮಾತು ಉರ್ದು, ಇನ್ನೊಬ್ಬನದು ಬ್ಯಾರಿ. ಇಬ್ಬರೂ ಸಂಜೆಗೆ ಮುಂಚಿನ ಅಸರ್ ನಮಾಜಿಗೆ ಹೋಗುತ್ತಿದ್ದರು. ಹೋಗುತ್ತಿದ್ದುದು ಮಾತ್ರ ಬೇರೆ ಬೇರೆ ಮಸೀದಿಗೆ, ಬೇರೆ ಬೇರೆ ಹೊತ್ತಿಗೆ. ಒಬ್ಬ ನಮಾಜು ಮುಗಿಸಿ ಬಂದು ಆಟಕ್ಕೆ ಇಳಿಯುವಾಗ ಇನ್ನೊಬ್ಬನಿಗೆ ಅಜಾನ್ ಕೇಳಿಸುತ್ತಿತ್ತು.

ಆ ವಯಸ್ಸಿನಲ್ಲಿ ಯಾಕೆ ಹೀಗೆ ಅಂತ ಕೇಳಬೇಕು ಅನ್ನಿಸಲಿಲ್ಲ. ಇತಿಹಾಸ ಓದತೊಡಗಿದ ಮೇಲೆ ಉತ್ತರ ಸಿಕ್ಕಿತು. ನಮ್ಮ ಎರಡು ಜಿಲ್ಲೆಗಳಿಗೆ ಕ್ರೈಸ್ತ ಧರ್ಮ ಒಂದೇ ಸಲ ಬಂದಿದ್ದಲ್ಲ, ಇಸ್ಲಾಂ ಕೂಡ ಹಾಗೆ ಬಂದಿದ್ದಲ್ಲ. ಸಮುದ್ರದ ಕಡೆಯಿಂದ, ಉತ್ತರದ ಬಯಲಿನಿಂದ, ಬೆಟ್ಟದ ಗುಹೆಯಿಂದ, ಆಸ್ಪತ್ರೆಯಿಂದ, ಕಾಫಿ ತೋಟದ ಕೂಲಿಯವರ ಲೈನುಮನೆಗಳಿಂದ ಬಂದವು. ಪ್ರತಿ ದಾರಿಯೂ ಒಂದೊಂದು ಬೇರೆ ಸಮುದಾಯವನ್ನು ಬಿಟ್ಟುಹೋಯಿತು. ‘ಕತ್ತಿ ಹಿಡಿದು ಬಂದರು’, ‘ದುಡ್ಡು ಕೊಟ್ಟು ಸೇರಿಸಿಕೊಂಡರು’, ‘ಎಲ್ಲರೂ ಪ್ರೀತಿಯಿಂದಲೇ ಸೇರಿದರು’ ಅಂತ ಒಂದೇ ಸಾಲಿನಲ್ಲಿ ಮುಗಿಸುವವರು ಬಹಳ ಜನ ಇದ್ದಾರೆ. ಆ ಯಾವ ಸಾಲೂ ನಮ್ಮ ಬೆಂಚಿನ ಲೆಕ್ಕಕ್ಕೆ ಹೊಂದುವುದಿಲ್ಲ.

ಮೊದಲು ಮೂಲದ ಮಾತು. ಎರಡೂ ಧರ್ಮ ಹುಟ್ಟಿದ್ದು ಪಶ್ಚಿಮ ಏಷ್ಯಾದಲ್ಲಿ. ಎರಡಕ್ಕೂ ಅಬ್ರಹಾಮ ಪೂರ್ವಜ. ಇಬ್ರಾಹಿಂ ಅಂದರೂ ಅವನೇ. ಯೇಸು ಹುಟ್ಟಿ ಬೆಳೆದಿದ್ದು ಯೆಹೂದಿ ಸಮಾಜದಲ್ಲಿ. ಆ ನಾಡು ಆಗ ರೋಮನ್ನರ ಕೈಯಲ್ಲಿತ್ತು. ರೋಮನ್ ಅಧಿಕಾರಿ ಪಿಲಾತನ ಕಾಲದಲ್ಲಿ, ಕ್ರಿ.ಶ. 30ರ ಆಸುಪಾಸಿನಲ್ಲಿ, ಯೇಸುವನ್ನು ಶಿಲುಬೆಗೆ ಏರಿಸಿದರು. ಸತ್ತವನು ಎದ್ದು ಬಂದ ಅನ್ನುವ ನಂಬಿಕೆ ಶಿಷ್ಯರನ್ನು ಒಟ್ಟಿಗೆ ಹಿಡಿದಿತು. ಪೌಲನಂಥವರು ಅದನ್ನು ಯೆಹೂದಿಗಳ ಆಚೆಗೂ ಒಯ್ದರು. ಸುಮಾರು 300 ವರ್ಷ ಅದು ಆಗಾಗ ಪೆಟ್ಟು ತಿನ್ನುತ್ತಲೇ ಬೆಳೆಯಿತು. 313ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಅದಕ್ಕೆ ಸ್ವಾತಂತ್ರ್ಯ ಕೊಟ್ಟ. 380ರಲ್ಲಿ ಅದು ಸಾಮ್ರಾಜ್ಯದ ಅಧಿಕೃತ ಧರ್ಮವೇ ಆಯಿತು. 1517ರ ನಂತರ ಲೂಥರನ ಚಳವಳಿಯಿಂದ ಪಶ್ಚಿಮ ಯುರೋಪಿನ ಚರ್ಚು ಕ್ಯಾಥೊಲಿಕ್, ಪ್ರಾಟೆಸ್ಟೆಂಟ್ ಎಂದು ಒಡೆಯಿತು. ನಮ್ಮ ಬೆಂಚಿನ ಎರಡು ಬೈಬಲ್ಲುಗಳ ಬೇರು ಅಲ್ಲಿದೆ.

ಮಹಮ್ಮದರು ಮೆಕ್ಕಾದಲ್ಲಿ 570ರ ಸುಮಾರಿಗೆ ಹುಟ್ಟಿದವರು. ವ್ಯಾಪಾರ ಮಾಡುತ್ತಿದ್ದವರು. 610ರಲ್ಲಿ ಹಿರಾ ಗುಹೆಯಲ್ಲಿ ಮೊದಲ ಸಂದೇಶ ಬಂತು ಎಂದು ಮುಸ್ಲಿಮರು ನಂಬುತ್ತಾರೆ. ದೇವರು ಒಬ್ಬನೇ, ಅನಾಥರನ್ನೂ ಬಡವರನ್ನೂ ನೋಡಿಕೊಳ್ಳಿ ಅನ್ನುವ ಮಾತು ಊರಿನ ದೊಡ್ಡ ಕುಳಗಳಿಗೆ ಹಿಡಿಸಲಿಲ್ಲ. 622ರಲ್ಲಿ ಅವರು ಮದೀನಾಕ್ಕೆ ಹೋದರು. ಹಿಜರಿ ಶಕೆ ಶುರುವಾಗುವುದು ಆ ವರ್ಷದಿಂದ. 632ರಲ್ಲಿ ಅವರು ತೀರಿಕೊಂಡರು. ಮುಂದಿನ 80 ವರ್ಷದೊಳಗೆ ಅರಬರ ಆಳ್ವಿಕೆ ಸ್ಪೇನಿನಿಂದ ಸಿಂಧ್‌ವರೆಗೆ ಹಬ್ಬಿತು. ಆಳ್ವಿಕೆ ಹಬ್ಬಿದ ವೇಗದಲ್ಲಿ ಜನ ಧರ್ಮ ಬದಲಿಸಲಿಲ್ಲ. ಅದಕ್ಕೆ ನೂರಾರು ವರ್ಷ ಹಿಡಿಯಿತು.

ಈಗ ಅಸರ್ ನಮಾಜಿನ ಒಗಟು. ಇಸ್ಲಾಮಿನ ಸುನ್ನಿಗಳಲ್ಲಿ ನಾಲ್ಕು ಕಾನೂನು ಪರಂಪರೆಗಳಿವೆ. ಅವುಗಳಲ್ಲಿ ಶಾಫಿ ಪರಂಪರೆಯ ಪ್ರಕಾರ ಒಂದು ವಸ್ತುವಿನ ನೆರಳು ಅದರಷ್ಟೇ ಉದ್ದ ಬೆಳೆದಾಗ ಅಸರ್ ಹೊತ್ತು ಶುರು. ಹನಫಿ ಪರಂಪರೆಯಲ್ಲಿ ನೆರಳು ಎರಡರಷ್ಟು ಬೆಳೆಯಬೇಕು. (ನಡುಮಧ್ಯಾಹ್ನ ಇದ್ದ ನೆರಳನ್ನು ಕಳೆದು ಲೆಕ್ಕ ಹಾಕುತ್ತಾರೆ.) ಆಟದ ಮೈದಾನದಲ್ಲಿ ನಾನು ನೋಡುತ್ತಿದ್ದ ಅಂತರ ಈ ನೆರಳಿನದು! ಅರಬ್ಬಿ ಸಮುದ್ರ ದಾಟಿ ಬಂದ ಯೆಮನ್ ಕಡೆಯ ವ್ಯಾಪಾರಿಗಳು ಶಾಫಿಗಳು. ಕೇರಳದ ಮಾಪಿಳ್ಳೆಗಳು, ಕರಾವಳಿಯ ಬ್ಯಾರಿಗಳು ಅದನ್ನೇ ಹಿಡಿದರು. ಮಧ್ಯ ಏಷ್ಯಾದ ತುರ್ಕರು ಹನಫಿಗಳು. ದೆಹಲಿ, ದಖ್ಖನಿನ ದಾರಿಯಲ್ಲಿ ಬಂದ ಉರ್ದು ಮಾತಿನ ಮುಸ್ಲಿಮರದು ಆ ಪರಂಪರೆ. ನನ್ನ ಬ್ಯಾರಿ ಗೆಳೆಯನ ಮನೆಯವರು ವ್ಯಾಪಾರಕ್ಕೆಂದು ಘಾಟಿ ಹತ್ತಿ ಬಂದವರು. ಮೂಡಿಗೆರೆ, ಕೊಪ್ಪ, ಸಕಲೇಶಪುರದ ಪೇಟೆಗಳಲ್ಲಿ ಅಂಥ ಕುಟುಂಬಗಳು ಬಹಳ ಇವೆ. ಬ್ಯಾರಿಗಳು ಮನೆಯಲ್ಲಿ ಆಡುವುದು ಮಲಯಾಳಂ, ತುಳು ಎರಡರ ಗಾಳಿಯೂ ಬೀಸಿದ, ಅರಬ್ಬಿ ಪದಗಳು ಬೆರೆತ ಮಾತು. ಹಡಗಿನಲ್ಲಿ ಬಂದ ವ್ಯಾಪಾರಿಗಳು ಕರಾವಳಿಯ ಹೆಣ್ಣುಮಕ್ಕಳನ್ನು ಮದುವೆಯಾಗಿ ಅಲ್ಲೇ ನಿಂತ ಕಥೆ ಆ ಮಾತಿನೊಳಗೇ ಇದೆ.

ಸೈನ್ಯ ಬಂದದ್ದೂ ನಿಜ. ಅದನ್ನು ಮುಚ್ಚಿಟ್ಟು ಮಾತಾಡುವುದು ಸರಿಯಲ್ಲ. 1311ರಲ್ಲಿ ಅಲಾವುದ್ದೀನ್ ಖಿಲ್ಜಿಯ ಸೇನಾನಿ ಮಲಿಕ್ ಕಾಫೂರ್ ದ್ವಾರಸಮುದ್ರಕ್ಕೆ, ಅಂದರೆ ನಮ್ಮ ಹಳೇಬೀಡಿಗೆ ಮುತ್ತಿಗೆ ಹಾಕಿದ. ಹೊಯ್ಸಳ ರಾಜ ಮೂರನೇ ಬಲ್ಲಾಳ ಆಗ ಪಾಂಡ್ಯರ ಅಣ್ಣತಮ್ಮಂದಿರ ಜಗಳದಲ್ಲಿ ಕೈಹಾಕಿ ತಮಿಳು ಸೀಮೆಯಲ್ಲಿದ್ದ. ಓಡೋಡಿ ಬಂದು ಕೊನೆಗೆ ಒಪ್ಪಂದ ಮಾಡಿಕೊಂಡ. ಆನೆ, ಕುದುರೆ, ಸಂಪತ್ತು ಕೊಟ್ಟ. ಮಗನನ್ನು ದೆಹಲಿಗೆ ಕಳಿಸಿದ. ಆಮೇಲೆ ತುಘಲಕನ ಸೈನ್ಯವೂ ಬಂದು ಊರನ್ನು ಹಾಳುಮಾಡಿತು. ರಾಜಧಾನಿ ಮತ್ತೆ ಮೊದಲಿನಂತಾಗಲಿಲ್ಲ. ಹಳೇಬೀಡು ಅನ್ನುವ ಹೆಸರಲ್ಲೇ ಆ ನೋವು ಇದೆ, ಅಲ್ವಾ?

ಆದರೆ ಆ ದಾಳಿಗಳು ಇಲ್ಲಿ ಮುಸ್ಲಿಂ ಹಳ್ಳಿಗಳನ್ನು ಕಟ್ಟಲಿಲ್ಲ. ಕಾಫೂರನಿಗೆ ಬೇಕಿದ್ದದ್ದು ಕಪ್ಪ. ಸಿಕ್ಕಿತು, ಹೋದ. ಇನ್ನೂ ಸ್ವಾರಸ್ಯದ ಸಂಗತಿ ಅಂದರೆ, ಅದೇ ಬಲ್ಲಾಳನ ಸೈನ್ಯದಲ್ಲಿ ಸುಮಾರು 20,000 ಮುಸ್ಲಿಮರೂ ಇದ್ದರೆಂದು ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತ ಬರೆದಿದ್ದಾನೆ. ಸಂಖ್ಯೆ ಉಬ್ಬಿಸಿದ್ದಿರಬಹುದು. ಆದರೂ ಹೊಯ್ಸಳ ರಾಜನ ಸಂಬಳ ತಿಂದು ಮಧುರೆಯ ಸುಲ್ತಾನನ ಮೇಲೆ ಯುದ್ಧಕ್ಕೆ ಹೋದ ಮುಸ್ಲಿಂ ಸೈನಿಕರಿದ್ದರು ಅನ್ನುವುದು ನಾವು ಶಾಲೆಯಲ್ಲಿ ಕೇಳದ ಮಾತು.

ಹಳ್ಳಿಯ ಜನರ ಮನಸ್ಸಿಗೆ ಇಸ್ಲಾಂ ಹತ್ತಿರವಾಗಿದ್ದು ಸೂಫಿ ಸಂತರಿಂದ. ಇಲ್ಲಿ ಕಾಫಿಯ ಕಥೆ ಹೇಳಲೇಬೇಕು. ಅದನ್ನು ಸುಮ್ನೆ ಪ್ರವಾಸದ ಕಥೆಯಂತೆ ಹೇಳಿ ಬಿಡುತ್ತಾರೆ. ನಿಜಕ್ಕೂ ಅದು ಒಂದು ಧರ್ಮ ಹಬ್ಬಿದ ದಾರಿಯ ನಕ್ಷೆ. 15ನೇ ಶತಮಾನದಲ್ಲಿ ಯೆಮನ್ನಿನ ಸೂಫಿಗಳು ರಾತ್ರಿಯಿಡೀ ದೇವರ ಸ್ಮರಣೆ ಮಾಡಲು ನಿದ್ದೆ ಬಾರದಿರಲಿ ಎಂದು ‘ಖಹ್ವಾ’ ಕುಡಿಯುತ್ತಿದ್ದರು. ಅಲ್ಲಿಂದ ಅದು ಮೆಕ್ಕಾ, ಕೈರೋ, ಇಸ್ತಾಂಬುಲ್‌ಗೆ ಹೋಯಿತು. ಕಾಫಿ ಅಂಗಡಿಯಲ್ಲಿ ಜನ ಸೇರಿ ಮಾತಾಡುವುದು ಕಂಡು 1511ರಲ್ಲಿ ಮೆಕ್ಕಾದ ಅಧಿಕಾರಿ ಅದನ್ನು ನಿಷೇಧಿಸಿಯೂ ನೋಡಿದ. ನಿಲ್ಲಲಿಲ್ಲ. ಹಜ್ ಯಾತ್ರಿಕರು ಅದರ ರುಚಿಯನ್ನು ಊರೂರಿಗೆ ಒಯ್ದರು. ಆದರೆ ಮೊಳೆಯುವ ಬೀಜ ಮಾತ್ರ ಹೊರಗೆ ಹೋಗದಂತೆ ಅರಬರು ಕಾಯುತ್ತಿದ್ದರು. 17ನೇ ಶತಮಾನದಲ್ಲಿ ಬಾಬಾ ಬುಡನ್ ಹಜ್ ಮುಗಿಸಿ ಬರುವಾಗ ಮೋಖಾ ಬಂದರಿನಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತದಲ್ಲಿ ನೆಟ್ಟರೆಂದು ನಮ್ಮ ಕಡೆಯ ಐತಿಹ್ಯ. ಬೀಜ ಏಳೋ ಎಪ್ಪತ್ತೋ, ಆ ಕಾಫಿ ಇಂದು ಎರಡು ಜಿಲ್ಲೆಗಳ ಹೊಟ್ಟೆ ಹೊರೆಯುತ್ತಿದೆ.

ಆ ಬೆಟ್ಟದ ಗುಹೆ ಮುಸ್ಲಿಮರಿಗೆ ದಾದಾ ಹಯಾತ್ ಮೀರ್ ಖಲಂದರರ ಜಾಗ. ಹಿಂದೂಗಳಿಗೆ ದತ್ತಾತ್ರೇಯ ಪೀಠ. ಸರ್ಕಾರದ ಕಾಗದಗಳಲ್ಲೇ ಅದರ ಹೆಸರು ಶ್ರೀ ಗುರು ದತ್ತಾತ್ರೇಯ ಬಾಬಾಬುಡನ್ ಸ್ವಾಮಿ ದರ್ಗಾ. ಆ ಉದ್ದದ ಹೆಸರನ್ನು ನಿಧಾನವಾಗಿ ಓದಿದರೆ ಸೂಫಿ ದಾರಿ ಹೇಗೆ ಕೆಲಸ ಮಾಡಿತು ಅಂತ ತಿಳಿಯುತ್ತದೆ. ರೈತನೊಬ್ಬ ಹಸು ಕಳೆದರೆ, ಮಗುವಿಗೆ ಜ್ವರ ಬಂದರೆ ಅಲ್ಲಿಗೆ ಹರಕೆ ಹೊರುತ್ತಿದ್ದ. ಅದಕ್ಕಾಗಿ ಅವನು ಮುಸ್ಲಿಂ ಆಗಬೇಕಿರಲಿಲ್ಲ. ಹಳೇ ಮೈಸೂರು ಸೀಮೆಯಲ್ಲಿ ಮೊಹರಂ ‘ಬಾಬಯ್ಯನ ಹಬ್ಬ’ ಆಗಿದ್ದೂ ಹೀಗೆಯೇ. ಕೆಲವರು ಮುಂದೆ ಹೋಗಿ ಧರ್ಮವನ್ನೇ ಸ್ವೀಕರಿಸಿದರು. ಹೆಚ್ಚಿನವರು ಹಾಗೇ ಉಳಿದರು. ಇತ್ತೀಚಿನ ದಶಕಗಳಲ್ಲಿ ಆ ಜಾಗ ಯಾರದು ಅನ್ನುವ ಜಗಳ ಬೀದಿಗೂ ಬಂತು, ಸುಪ್ರೀಂ ಕೋರ್ಟಿಗೂ ಹೋಯಿತು. ನನಗೆ ಅದು ತುಂಬಾ ನೋವಿನ ವಿಷಯ. ಹಿಂದಿನ ಹರಕೆಯವರು ಯಾರೂ ಕೇಳದಿದ್ದ ಪ್ರಶ್ನೆಯನ್ನು ನಾವು ಕೇಳುತ್ತಿದ್ದೇವೆ.

ಆಮೇಲಿನ ದಾರಿ ಅಧಿಕಾರದ್ದು. ಹೈದರ್ ಅಲಿ, ಟಿಪ್ಪು ಕಾಲದಲ್ಲಿ ಲೆಕ್ಕಪತ್ರಕ್ಕೆ ಪಾರ್ಸಿ ಭಾಷೆಯ ಬಲ ಜಾಸ್ತಿಯಾಯಿತು. ತಾಲ್ಲೂಕು, ಜಿಲ್ಲೆ, ಅರ್ಜಿ, ದಾಖಲೆ, ಜಮೀನು, ಬಾಕಿ, ವಕೀಲ, ಇವೆಲ್ಲ ಅರಬ್ಬಿ, ಪಾರ್ಸಿ ಪದಗಳು. ‘ರೈತ’ ಕೂಡ. ಇವುಗಳಲ್ಲಿ ಕೆಲವು ಇನ್ನೂ ಮೊದಲೇ ಬಂದವು. ಇವಿಲ್ಲದೆ ನಮ್ಮ ಕಡೆ ಒಂದು ಪಹಣಿಯ ಜಗಳವನ್ನೂ ಆಡಲಾಗದು.

ಟಿಪ್ಪುವಿನ ವಿಷಯದಲ್ಲಿ ನಮ್ಮ ಜಿಲ್ಲೆಗಳಿಗೆ ತಾಕುವ ಎರಡು ಸಂಗತಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. 1791ರಲ್ಲಿ ಮರಾಠರ ಸೈನ್ಯ ಶೃಂಗೇರಿ ಮಠವನ್ನು ಲೂಟಿ ಮಾಡಿತು. ಆಗ ಟಿಪ್ಪು ಸ್ವಾಮಿಗಳಿಗೆ ಕನ್ನಡದಲ್ಲಿ ಪತ್ರ ಬರೆದು, ದುಡ್ಡು ಧಾನ್ಯ ಕಳಿಸಿ, ಶಾರದೆಯ ಮರುಪ್ರತಿಷ್ಠೆಗೆ ನೆರವಾದ. ಆ ಪತ್ರಗಳನ್ನು 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಬೆಳಕಿಗೆ ತಂದರು. ಅದೇ ಟಿಪ್ಪು 1784ರಲ್ಲಿ ಕರಾವಳಿಯ ಕೊಂಕಣಿ ಕ್ಯಾಥೊಲಿಕರನ್ನು ಸಾವಿರಗಟ್ಟಲೆ ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದ. ಇಂಗ್ಲಿಷರಿಗೆ ನೆರವಾದರೆಂಬ ಸಿಟ್ಟು. ದಾರಿಯಲ್ಲೇ ಸತ್ತವರು, ಬಲವಂತಕ್ಕೆ ಧರ್ಮ ಬಿಟ್ಟವರು ಬಹಳ ಜನ. ಒಬ್ಬನೇ ಮನುಷ್ಯ, ಒಂದೇ ಧರ್ಮ, ಎರಡು ನಡೆ. ರಾಜನ ಲೆಕ್ಕ ಮೊದಲು ರಾಜ್ಯದ್ದು. ಅದನ್ನು ಅವನ ಧರ್ಮದ ತಲೆಗೆ ಪೂರ್ತಿ ಕಟ್ಟಿದರೆ ಈ ಎರಡರಲ್ಲಿ ಒಂದನ್ನು ಮರೆಯಬೇಕಾಗುತ್ತದೆ.

ಶ್ರೀರಂಗಪಟ್ಟಣದ ಆ ಸೆರೆಯ ಕಥೆಯಿಂದಲೇ ‘ಸರ್ವೇಶ್ವರ’ ಅನ್ನುವ ಗೆಳೆಯನ ಕಥೆ ಮುಂದುವರಿಯುತ್ತದೆ. ಕ್ಯಾಥೊಲಿಕರು ಮೈಸೂರಿಗೆ ಮೊದಲೇ ಬಂದಿದ್ದರು. 1640ರ ದಶಕದ ಕೊನೆಗೆ ಇಟಲಿಯ ಲಿಯೊನಾರ್ಡೊ ಚಿನ್ನಾಮಿ ಎಂಬ ಜೆಸ್ವಿಟ್ ಪಾದ್ರಿ ಶ್ರೀರಂಗಪಟ್ಟಣಕ್ಕೆ ಬಂದ. ಆ ಪಾದ್ರಿಗಳು ಸನ್ಯಾಸಿಗಳಂತೆ ಬದುಕಿದರು, ಕನ್ನಡ ಕಲಿತರು. ದೇವರನ್ನು ಸರ್ವೇಶ್ವರ ಎಂದು ಕರೆದದ್ದು ಆ ಹಳೆಯ ಕ್ಯಾಥೊಲಿಕ್ ಪರಂಪರೆ. ಊರಿನ ಪದವನ್ನೇ ಎತ್ತಿಕೊಳ್ಳುವುದು ಅವರ ರೀತಿ. ಪ್ರಾಟೆಸ್ಟೆಂಟರು 19ನೇ ಶತಮಾನದಲ್ಲಿ ಅಚ್ಚಿನ ಮೊಳೆಗಳ ಜೊತೆ ಬಂದರು. ಹೀಬ್ರೂ ಮೂಲಕ್ಕೆ ನಿಷ್ಠರಾಗಿ ಯೆಹೋವ ಎಂದೇ ಇಟ್ಟುಕೊಂಡರು.

1799ರಲ್ಲಿ ಟಿಪ್ಪು ಸತ್ತ ಮೇಲೆ ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬ್ವಾ ಬಂದರು. ಉದ್ದ ಗಡ್ಡ, ನಮ್ಮವರ ಉಡುಪು, ನಮ್ಮವರ ಊಟ. ಜನ ಅವರನ್ನು ‘ದೊಡ್ಡ ಸ್ವಾಮಿಯವರು’ ಎಂದರು. ಹಾಸನದ ಹತ್ತಿರ ಸತ್ಥಳ್ಳಿಯಲ್ಲಿ ಕ್ರೈಸ್ತರ ಬೇಸಾಯದ ನೆಲೆ ಕಟ್ಟಿದರು. ಸಿಡುಬಿನ ಕಾಯಿಲೆಗೆ ಲಸಿಕೆ ಹಾಕಿಸಲು ಹಳ್ಳಿಹಳ್ಳಿ ಓಡಾಡಿದರು. 1823ರಲ್ಲಿ ಫ್ರಾನ್ಸಿಗೆ ವಾಪಸ್ಸು ಹೋದರು. ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವುದು ಆಗದ ಕೆಲಸ ಎಂದು ಅವರೇ ಬರೆದರು. 30 ವರ್ಷ ದುಡಿದವರ ಮಾತು ಅದು.

ಶೆಟ್ಟಿಹಳ್ಳಿ ಚರ್ಚನ್ನು ಅವರೇ ಕಟ್ಟಿಸಿದರು ಎಂದು ಅನೇಕ ಕಡೆ ಬರೆದಿರುವುದನ್ನು ಓದಿದ್ದೇನೆ. ಅದು ಸರಿಯಲ್ಲ. ಚರ್ಚು ಎದ್ದದ್ದು 1860ರ ದಶಕದಲ್ಲಿ, ಅವರ ನಂತರದ ಫ್ರೆಂಚ್ ಪಾದ್ರಿಗಳಿಂದ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದ ಮೇಲೆ ಚರ್ಚು, ಊರು, ಹೊಲ ಎಲ್ಲ ಹಿನ್ನೀರಿಗೆ ಹೋಯಿತು. ಮಳೆಗಾಲದಲ್ಲಿ ಗೋಡೆಗಳು ಅರ್ಧ ಮುಳುಗುತ್ತವೆ, ಬೇಸಿಗೆಯಲ್ಲಿ ಬಯಲಾಗುತ್ತವೆ. ಜನ ಫೋಟೊ ತೆಗೆಸಿಕೊಳ್ಳಲು ಹೋಗುತ್ತಾರೆ. ನನ್ನ ಗೆಳೆಯ ಮಾತ್ರ ಅಲ್ಲಿ ಫೋಟೊ ತೆಗೆಸಿಕೊಳ್ಳುತ್ತಿರಲಿಲ್ಲ. ಅವನ ಅಜ್ಜಿಯ ಮದುವೆ ಆದದ್ದು ಆ ಗೋಡೆಗಳ ನಡುವೆ. ಮುಳುಗಡೆಯಲ್ಲಿ ಮನೆ ಕಳೆದುಕೊಂಡವರಲ್ಲಿ ಒಕ್ಕಲಿಗರು, ದಲಿತರು, ಕ್ರೈಸ್ತರು ಎಲ್ಲರೂ ಇದ್ದರು. ನೀರು ಧರ್ಮ ಕೇಳಲಿಲ್ಲ.

‘ಯೆಹೋವ’ ಅನ್ನುವ ಎರಡನೇ ಗೆಳೆಯನ ದಾರಿ ಬರಗಾಲದ್ದು. 1876ರಿಂದ 78ರವರೆಗಿನ ಬರವನ್ನು ನಮ್ಮ ಹಿರಿಯರು ಧಾತು, ಈಶ್ವರ ಸಂವತ್ಸರಗಳ ಹೆಸರಲ್ಲಿ ನೆನೆಯುತ್ತಿದ್ದರು. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ಕ್ಕೆ ಸುಮಾರು 42 ಲಕ್ಷಕ್ಕೆ ಇಳಿಯಿತು. ಬೀದಿಗೆ ಬಿದ್ದ ಮಕ್ಕಳಿಗೆ ಪ್ರಾಟೆಸ್ಟೆಂಟರ ವೆಸ್ಲಿಯನ್ ಮಿಷನ್ನಿನವರು ಅನಾಥಾಲಯ ನಡೆಸಿದರು, ಹುಡುಗಿಯರದು ಹಾಸನದಲ್ಲಿ. ತನ್ನ ಮುತ್ತಜ್ಜಿಯ ತಾಯಿ ಅಂಥ ಒಂದು ಮಗು ಎಂದು ಗೆಳೆಯ ಹೇಳುತ್ತಿದ್ದ. ಹಸಿದ ಮಗುವಿಗೆ ಅನ್ನ ಕೊಟ್ಟವರ ದೇವರು ತನ್ನ ದೇವರಾದದ್ದನ್ನು ನಾವು ಆಯ್ಕೆ ಅನ್ನಲು ಆಗುವುದಿಲ್ಲ. ಮೋಸ ಅಂತಲೂ ಅನ್ನಲಾರೆ. ಬೇರೆ ಯಾರೂ ಎತ್ತಿಕೊಳ್ಳದ ಮಗುವನ್ನು ಅವರು ಎತ್ತಿಕೊಂಡರು. ಅಕ್ಷರ ಕಲಿಸಿದರು. ಹೆಣ್ಣುಮಗು ಓದುವುದು ಮೇಲುಜಾತಿಯ ಮನೆಗಳಲ್ಲೂ ಅಪರೂಪವಾಗಿದ್ದ ಕಾಲ ಅದು.

ಹಾಸನದ ರೆಡ್‌ಫರ್ನ್ ಆಸ್ಪತ್ರೆ ಆ ಮಿಷನ್ನಿನ ಪರಂಪರೆಯದು. 1947ರಲ್ಲಿ ಹಲವು ಪ್ರಾಟೆಸ್ಟೆಂಟ್ ಪಂಗಡಗಳು ಕೂಡಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ ಆದಾಗ ಅದೂ ಅಲ್ಲಿಗೆ ಸೇರಿತು. ನಮ್ಮ ಕಡೆ ನರ್ಸ್ ಅಂದರೆ ಕ್ರೈಸ್ತ ಹೆಣ್ಣುಮಗಳು ಅನ್ನುವ ಚಿತ್ರ ಬಹಳ ಕಾಲ ಇತ್ತು. ರಕ್ತ, ಮಲ ಮುಟ್ಟುವ ಕೆಲಸವನ್ನು ಮೈಲಿಗೆ ಎಂದು ದೂರ ಇಟ್ಟ ಸಮಾಜದಲ್ಲಿ ಅದನ್ನು ಸೇವೆ ಎಂದು ಕರೆದದ್ದೇ ದೊಡ್ಡ ಬದಲಾವಣೆ. ಮಿಷನರಿ ಮನೆಗಳಿಂದ ಇನ್ನೊಂದು ಉಪಕಾರವೂ ಆಯಿತು. ಬಿ.ಎಲ್. ರೈಸ್ ಬೆಂಗಳೂರಿನಲ್ಲಿ ಹುಟ್ಟಿದ ಪಾದ್ರಿಯ ಮಗ. ಊರೂರಿನ ಶಾಸನಗಳನ್ನು ಸಂಗ್ರಹಿಸಿ ಕಡೂರು ಜಿಲ್ಲೆಯ (ಇಂದಿನ ಚಿಕ್ಕಮಗಳೂರು) ಸಂಪುಟವನ್ನು 1901ರಲ್ಲಿ, ಹಾಸನದ್ದನ್ನು 1902ರಲ್ಲಿ ಹೊರತಂದರು. ಬೇಲೂರಿನ ಕಲ್ಲಿನ ಮೇಲೆ ಏನು ಬರೆದಿದೆ ಎಂದು ಇಂದು ನಾವು ಓದುವುದು ಆ ದುಡಿಮೆಯಿಂದ.

ಕಾಫಿ ತೋಟಗಳು ಇನ್ನೂ ಹೊಸ ಜನರನ್ನು ತಂದವು. ಮಂಗಳೂರು ಕಡೆಯ ಕೊಂಕಣಿ ಕ್ಯಾಥೊಲಿಕರು ತೋಟ ಮಾಡಿದರು. ಟಿಪ್ಪುವಿನ ಸೆರೆ ಕಂಡವರ ವಂಶಸ್ಥರು ಅವರಲ್ಲಿದ್ದಾರೆ. ತಮಿಳು ಕೂಲಿಯವರು ಲೈನುಮನೆಗಳಿಗೆ ಮೇರಿಮಾತೆಯ ಪಟ ತಂದರು. ನರಸಿಂಹರಾಜಪುರದ ಕಡೆ ಕೇರಳದ ಸಿರಿಯನ್ ಕ್ರೈಸ್ತರು ನೆಲೆಸಿದರು. ಯೇಸುವಿನ ಶಿಷ್ಯ ತೋಮನೇ ಕ್ರಿ.ಶ. 52ರಲ್ಲಿ ಕೇರಳಕ್ಕೆ ಬಂದನೆಂಬುದು ಅವರ ನಂಬಿಕೆ. 1963ರಲ್ಲಿ ಚಿಕ್ಕಮಗಳೂರು ಕ್ಯಾಥೊಲಿಕರ ಪ್ರತ್ಯೇಕ ಧರ್ಮಪ್ರಾಂತ್ಯವಾಯಿತು, ಅಂದರೆ ಬಿಷಪ್ಪರ ಆಡಳಿತದ ಪ್ರದೇಶ.

ಬೇಲೂರಿನ ಚನ್ನಕೇಶವನ ತೇರಿನ ದಿನ ದೊಡ್ಡಮೇದೂರಿನ ಖಾಜಿಯವರು ಕುರಾನಿನ ಸಾಲು ಪಠಿಸುವ ಸಂಪ್ರದಾಯ ಬಹಳ ಹಿಂದಿನದು. 2022ರ ಏಪ್ರಿಲ್‌ನಲ್ಲಿ, ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳು ಬೇಡ ಎಂಬ ಕೂಗಿನ ನಡುವೆಯೂ ಅದು ನಡೆಯಿತು. ನಿಲ್ಲಿಸಬೇಕು ಎಂದು ಒತ್ತಾಯಿಸಿದವರೂ ಇದ್ದರು. ಈ ಸಂಪ್ರದಾಯ ಶುರುವಾದ ಬಗ್ಗೆ ಯಾರೇನೇ ಹೇಳಲಿ, ತೇರು ಎಳೆಯುವ ಕೈಗಳು ಅದನ್ನು ಕೇಳಿಸಿಕೊಂಡೇ ಹಗ್ಗ ಹಿಡಿಯುತ್ತಿದ್ದವು.

ಕೊನೆಯದಾಗಿ ಜಾತಿಯ ಮಾತು. ಸಮಾನತೆ ಎರಡೂ ಧರ್ಮಗಳ ದೊಡ್ಡ ಭರವಸೆ. ಮಸೀದಿಯ ಸಾಲಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲುವುದು, ಒಂದೇ ಪಾತ್ರೆಯಿಂದ ಪ್ರಸಾದ ಪಡೆಯುವುದು, ಇವು ಕೆರೆ ಬಾವಿ ಮುಟ್ಟಲು ಬಿಡದ ಊರಿನಲ್ಲಿ ಸಣ್ಣ ಸಂಗತಿಗಳಲ್ಲ. ಕುರಾನು ಹೆಣ್ಣುಮಕ್ಕಳಿಗೆ ಗಂಡಿನ ಅರ್ಧದಷ್ಟು ಆಸ್ತಿ ಪಾಲು ಹೇಳಿದ್ದು 7ನೇ ಶತಮಾನದಲ್ಲಿ. ಆದರೂ ಜಾತಿ ಒಳಗೆ ನುಸುಳಿಬಂತು. ಹತ್ತಿ ಹಿಂಜುವ ಪಿಂಜಾರರಿಗೆ ಹೆಣ್ಣು ಕೊಡಲು ಹಿಂಜರಿಯುವ ಮುಸ್ಲಿಂ ಮನೆಗಳಿವೆ. ಮದುವೆಯ ಮಾತು ಬಂದಾಗ ಮುತ್ತಜ್ಜನ ಜಾತಿ ವಿಚಾರಿಸುವ ಕ್ರೈಸ್ತ ಮನೆಗಳೂ ಇವೆ.

ಸಿಎಸ್‌ಐ ಗೆಳೆಯನ ತಂದೆಯ ಕಡೆಯವರು ದಲಿತರು. ಅವನ ತಾತ ಕ್ರೈಸ್ತರಾದರು, ತಾತನ ಅಣ್ಣ ಆಗಲಿಲ್ಲ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಮಾನ್ಯತೆ ಮೊದಲು ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ವಿಸ್ತರಿಸಿದರು. ಕ್ರೈಸ್ತ, ಮುಸ್ಲಿಂ ದಲಿತರಿಗೆ ಇಲ್ಲ. ಎಸ್‌ಎಸ್‌ಎಲ್‌ಸಿ ಮುಗಿದ ಬೇಸಿಗೆಯಲ್ಲಿ ಅವನೂ ಅವನ ದಾಯಾದಿ ಅಣ್ಣನೂ ಒಟ್ಟಿಗೆ ತಾಲ್ಲೂಕು ಕಚೇರಿಗೆ ಹೋದರು. ಜೊತೆಗೆ ನಾನೂ ಹೋಗಿದ್ದೆ. ಒಂದೇ ಮನೆತನ, ಒಂದೇ ಕೇರಿ. ಊರಿನ ಹೋಟೆಲಿನಲ್ಲಿ ಇಬ್ಬರ ತಾತಂದಿರಿಗೂ ಹೊರಗಡೆ ಇಟ್ಟ ಒಂದೇ ಲೋಟದಲ್ಲಿ ಕಾಫಿ ಕೊಡುತ್ತಿದ್ದರಂತೆ. ಕಿಟಕಿಯಾಚೆ ಕೂತಿದ್ದವರು ಇಬ್ಬರ ಹೆಸರನ್ನೂ ಓದಿ, ಎರಡು ಬೇರೆ ಬೇರೆ ಅರ್ಜಿ ನಮೂನೆ ಕೊಟ್ಟರು.